ಎಳೆದರೂ ಕಿತ್ತುಬರದ ಪೋರ್ಟು

ಆಟದಲ್ಲಿ ಸೋತ ಸಿಟ್ಟಿಗೆ ಆ ದಾಂಡಿಗ ಕಂಟ್ರೋಲರನ್ನು ಜಗ್ಗಿದ ರಭಸಕ್ಕೆ, ವೈರಿನ ಜೊತೆ ಯುಎಸ್‌ಬಿ ಪೋರ್ಟೂ ಕಿತ್ತು ಅವನ ಕೈಗೆ ಬಂತು.

ಪಕ್ಕದಲ್ಲೇ ನಿಂತಿದ್ದ ಯಾರೆಲಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಬಿಟ್ಟುಹೋದ ಬಡಗಿ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಕೂತು, ತಾನೇ ಕೊಯ್ದು, ಉಜ್ಜಿ, ಬಣ್ಣ ಬಳಿದ ವಿಡಿಯೋ ಗೇಮಿನ ಆರ್ಕೇಡ್ ಪೆಟ್ಟಿಗೆ ಅದು. ಡೋನ್ಯಾ ಚೋಲೆಯ ದಿನಸಿ ಅಂಗಡಿಯಲ್ಲಿ ತಂದಿಟ್ಟು ಇನ್ನೂ ವಾರವಾಗಿರಲಿಲ್ಲ. ಕೈಗೆ ಸಿಕ್ಕ ಹಲಗೆಯ ತುಂಡನ್ನು ಬೀಸಿಯೇಬಿಟ್ಟಳು.

ಅವನ ಹುಬ್ಬು ಒಡೆದು ರಕ್ತ ಕೆನ್ನೆಗಿಳಿಯಿತು. ಅದನ್ನು ತೋಳಿನಿಂದ ಒರೆಸಿಕೊಂಡು, ಕೈಯಲ್ಲಿದ್ದ ಪೋರ್ಟನ್ನು ತಿರುಗಿಸಿ ನೋಡಿದ.

"ಬರೀ ಅಂಟು ಹಾಕಿದ್ಯಾ ಇದಕ್ಕೆ?"

"ಹೌದು, ಏನೀಗ?"

"ಸ್ಕ್ರೂ ಹಾಕ್ಬೇಕಿತ್ತು."

"ಗೂಳಿ ಬರುತ್ತೆ ಅಂತ ಗೊತ್ತಿದ್ದಿದ್ರೆ ಹಾಕ್ತಿದ್ದೆ!"

ಡೋನ್ಯಾ ಚೋಲೆ ಗಲ್ಲಾದ ಹಿಂದಿನಿಂದ ಕೂಗಿದಳು: "ಹೊಡೆದಾಡೋದಿದ್ರೆ ಬೀದಿಗೆ ಹೋಗ್ರೋ! ನನ್ನ ಮೊಟ್ಟೆ ಒಡೆದ್ರೆ ಇಬ್ಬರ ತಲೆನೂ ಒಡೀತೀನಿ."

ಮಾರನೆಯ ದಿನ ಅವನು ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಶೆಡ್ಡಿನ ಬಾಗಿಲಿಗೆ ಬಂದ. ಹೆಸರು ನಾಬೋರ್. ನೆಸಾ ಪಟ್ಟಣದಲ್ಲಿ ಮಿನಿ ಬಸ್ಸು ಓಡಿಸುತ್ತಿದ್ದ. ದಾರಿಗೆ ಅಡ್ಡ ಬಂದ ಡ್ರೈವರುಗಳನ್ನು ಕೆಳಗಿಳಿಸಿ ಗುದ್ದುವುದರಲ್ಲಿ ಹೆಸರುವಾಸಿ.

"ಹಾಳು ಮಾಡಿದ್ದು ನಾನೇ ಅಲ್ವಾ, ರಿಪೇರಿಗೂ ಕೈ ಹಾಕ್ತೀನಿ," ಅಂದ.

"ಹಾಕು. ಆದ್ರೆ ಒಂದು ಮಾತು. ನನ್ನ ಕಣ್ಣೆದುರಿಗೆ ಯಾರ ಮೇಲೂ ಕೈ ಎತ್ತಬಾರದು. ಎತ್ತಿದ್ಯೋ, ಅವತ್ತಿಗೆ ನಿನಗೂ ನನಗೂ ಮಾತಿಲ್ಲ."

ಅವನು ಹೊಲಿಗೆ ಮುಟ್ಟಿಕೊಂಡ. "ನೀನು ಮಾತ್ರ ಎತ್ತಬಹುದಾ?"

"ನನ್ನ ಶೆಡ್ಡು, ನನ್ನ ಕಾನೂನು."

ಅವನು ನಕ್ಕ. ಅವಳಿಗೂ ನಗು ಬಂತು, ಮುಖ ತಿರುಗಿಸಿಕೊಂಡಳು. ಕಾನೂನು ಯಾಕೆಂದು ಅವನು ಕೇಳಲಿಲ್ಲ. ಅವಳ ಜೊತೆ ಬಾಳಿದ್ದ ಗುಮಾರೋ ಅವಳ ಭುಜದ ಮೂಳೆ ಮುರಿದದ್ದು, ಅವಳು ಅವನನ್ನು ಬಿಟ್ಟು ಬಂದದ್ದು ಇಡೀ ಬೀದಿಗೆ ಗೊತ್ತಿತ್ತು.

ಪೆಟ್ಟಿಗೆ ಶೆಡ್ಡಿಗೆ ಬಂತು. ಅವನು ಮುಂದಿನ ಹಲಗೆಯನ್ನು ಒತ್ತಿ ಹಿಡಿದ. ಪೋರ್ಟು ಕೂರುವಷ್ಟು ಅಗಲಕ್ಕೆ ಅವಳು ಅಕ್ಕಪಕ್ಕ ತೂತು ಕೊರೆದು ಸೇರಿಸಿ, ಸಣ್ಣ ಅರದಿಂದ ಮೂಲೆಗಳನ್ನು ತೀಡಿದಳು. ಮರದ ಪುಡಿ ಅವನ ರೆಪ್ಪೆಯ ಮೇಲೆ ಕೂತಿತು. ಅವಳು ಊದಿದಳು. ಅವನು ಕಣ್ಣು ಮುಚ್ಚಿದ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು.

ಇಬ್ಬರು ಆಟಗಾರರ ಎರಡು ಪೋರ್ಟುಗಳನ್ನೂ ಕಪ್ಪು ತಗಡಿನ ಪಟ್ಟಿಗೆ ಸ್ಕ್ರೂ ಹಾಕಿ ಬಿಗಿದು, ಮಂಡಿ ತಗುಲದಂತೆ ತುಸು ಒಳಕ್ಕೆ ಕೂರಿಸಿದಳು. ಒಳಗಿನ ವೈರನ್ನು ಮರದ ರೀಪಿಗೆ ಕ್ಲಿಪ್ ಹಾಕಿ ಹಿಡಿಸಿದಳು. ಯಾರೇ ಜಗ್ಗಿದರೂ ಭಾರವೆಲ್ಲ ಮರಕ್ಕೆ, ಒಳಗಿನ ಕಂಪ್ಯೂಟರಿಗಲ್ಲ.

"ಎಳಿ ನೋಡೋಣ," ಅಂದಳು.

ಅವನು ಕಂಟ್ರೋಲರನ್ನು ಸಿಕ್ಕಿಸಿ, ಕಾಲೂರಿ ಎಳೆದ. ಪೆಟ್ಟಿಗೆಯೇ ಜರುಗಿತು, ಪೋರ್ಟು ಅಲುಗಲಿಲ್ಲ.

"ನನ್ನನ್ನೂ ಹೀಗೇ ಗಟ್ಟಿಯಾಗಿ ಹಿಡ್ಕೊಳ್ಳೇ, ಹುಡುಗಿ."

"ನಿನಗೂ ಸ್ಕ್ರೂ ಹಾಕ್ಬೇಕಾಗುತ್ತೆ."

"ಹಾಕು. ಬೇಡ ಅಂದೋರ್ಯಾರು?"

ಅವಳ ಕಿವಿ ಬಿಸಿಯಾಯಿತು. ಬಗ್ಗಿ ಉಳಿದ ಸ್ಕ್ರೂಗಳನ್ನು ಡಬ್ಬಿಗೆ ತುಂಬತೊಡಗಿದಳು, ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಗುಮಾರೋ. ಕೈಯಲ್ಲಿ ಕಬ್ಬಿಣದ ಪೈಪು.

"ನನ್ನನ್ನ ಬೀದಿಪಾಲು ಮಾಡಿ ಇವನ ಜೊತೆ ಆಟ ಆಡ್ತಿದ್ಯಾ?"

ಮೊದಲ ಏಟಿಗೆ ಪೆಟ್ಟಿಗೆಯ ಪರದೆ ಪುಡಿಯಾಗಿ ಗಾಜು ಅವಳ ಕಾಲ ಬಳಿ ಸುರಿಯಿತು. ಎರಡನೆಯದು ಅವಳಿಗೇ ಬರುತ್ತಿತ್ತು. ನಾಬೋರ್ ಮಧ್ಯೆ ನುಗ್ಗಿ ಪೈಪನ್ನು ಮುಂಗೈಯಲ್ಲಿ ತಡೆದ. ಇನ್ನೊಂದು ಕೈಯ ಮುಷ್ಟಿ ಮೇಲೇರಿತು. ಅಷ್ಟರಲ್ಲಿ ಅವನು ಅವಳತ್ತ ನೋಡಿದ.

ಹೊಡೆಯಲಾ ಎಂದು ಕೇಳುತ್ತಿದ್ದವು ಆ ಕಣ್ಣುಗಳು. ಯಾರೆಲಿಯ ಕಣ್ಣು ಪೈಪಿನ ಮೇಲೇ ನೆಟ್ಟಿತ್ತು. ಅವಳು ಸುಮ್ಮನಿದ್ದದ್ದನ್ನೇ ಉತ್ತರವೆಂದುಕೊಂಡು ಅವನು ಮುಷ್ಟಿ ಇಳಿಸಿದ.

ಪೈಪು ಅವನ ದವಡೆಗೆ ಬಡಿಯಿತು. ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು.

"ಹೊಡಿ ನಾಬೋರ್! ಹೊಡಿಯೋ ಅವನಿಗೆ!" ಈಗ ಚೀರಿದಳು. ಅವನಾಗಲೇ ಮಂಡಿಯೂರಿದ್ದ.

ಗುಮಾರೋ ಮತ್ತೆ ಪೈಪು ಎತ್ತಿದ. ಯಾರೆಲಿ ಮರದ ಕೊಡತಿ ಬೀಸಿ ಅವನ ಮಣಿಕಟ್ಟು ಒಡೆದಳು. ಪೈಪು ನೆಲಕ್ಕೆ ಬಿತ್ತು. ಅವನು ಕಿರುಚುತ್ತಾ ಬಗ್ಗಿದಾಗ ಬೆನ್ನಿಗೆ ಹೊಡೆದಳು, ತೊಡೆಗೆ ಹೊಡೆದಳು. ಅವನು ಮುದುಡಿ ಬಿದ್ದ ಮೇಲೂ ಕೊಡತಿ ಮೇಲೇರಿತು, ಈ ಸಲ ತಲೆಗೆ. ಆಗ ರಕ್ತದಲ್ಲಿ ತೊಯ್ದ ಕೈಯೊಂದು ಅವಳ ಕಾಲನ್ನು ಬಿಗಿಯಾಗಿ ಹಿಡಿಯಿತು. ನೆಲದ ಮೇಲಿಂದ ನಾಬೋರ್ ತಲೆಯಾಡಿಸುತ್ತಿದ್ದ: ಬೇಡ.

ಗಲಾಟೆ ಕೇಳಿ ಬಂದ ನೆರೆಹೊರೆಯವರು ಗುಮಾರೋನನ್ನು ಎಳೆದೊಯ್ದು ಪೊಲೀಸರಿಗೆ ಒಪ್ಪಿಸಿದರು.

ಆಸ್ಪತ್ರೆಯಲ್ಲಿ ನಾಬೋರನ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರು. ಯಾರೆಲಿ ಜೋಳದ ಗಂಜಿಗೆ ಸ್ಟ್ರಾ ಹಾಕಿ ಅವನ ತುಟಿಗಿಟ್ಟಳು.

"ನನ್ನ ಮುಖ ಯಾಕೋ ನೋಡಿದೆ? ಹೊಡೀಬೇಕಿತ್ತು."

"ಹೊಡೆದಿದ್ರೆ... ನೀನು ಮಾತು ಬಿಡ್ತಿದ್ದೆ," ಅಂದ ಹಲ್ಲುಗಳ ಸಂದಿನಿಂದ.

"ಬಿಡ್ತಿರ್ಲಿಲ್ಲ ಕಣೋ, ಕತ್ತೆ!" ಗಂಜಿಯ ಲೋಟವನ್ನು ಟಕ್ಕನೆ ಮೇಜಿನ ಮೇಲಿಟ್ಟಳು. "ಗಂಡಸರ ಕೈಯೆಲ್ಲಾ ಒಂದೇ ಅಂದ್ಕೊಂಡಿದ್ದೆ. ಅವತ್ತು ನನ್ನ ಕೈಯೇ ನನ್ನ ಮಾತು ಕೇಳಲಿಲ್ಲ. ನೀನು ಹಿಡೀದಿದ್ರೆ ಅವನನ್ನ ಕೊಂದೇಬಿಡ್ತಿದ್ದೆ." ಮೂಗು ಸೀಟಿಕೊಂಡಳು. "ನೀನು ಬೇಕು ನನಗೆ. ಇಷ್ಟೇ ಹೇಳೋಕೆ ಬಂದೆ. ಈಗ ಏನಾದ್ರೂ ತಮಾಷೆ ಮಾಡಿದ್ಯೋ, ಇನ್ನೊಂದು ಕಡೆ ದವಡೆನೂ ಮುರೀತೀನಿ."

ಅವನು ತಮಾಷೆ ಮಾಡಲಿಲ್ಲ. ಕೈ ನೀಡಿ ಅವಳ ಕುತ್ತಿಗೆಯನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡ. ಬಾತುಕೊಂಡಿದ್ದ ಅವನ ತುಟಿಗೆ ಅವಳ ತುಟಿ ತಾಗಿದ್ದೇ ತಡ, ಅವನ ಮೈಯೆಲ್ಲ ಸೆಟೆಯಿತು, ಕಣ್ಣಲ್ಲಿ ನೀರಾಡಿತು.

"ನೋವಾಯ್ತಾ?"

ಹೌದೆಂದು ಗೋಣು ಹಾಕಿದ.

"ಬಿಡ್ಲಾ?"

ಅವನು ಬಿಡಲಿಲ್ಲ.