ಹುಂಜ ತಂದವನು

ಶಾಲೆಯ ಕೆಲಸಕ್ಕೆ ಸ್ಕಾಟ್ಲೆಂಡಿನಿಂದ ಬಂದಿದ್ದ ಫರ್ಗಸ್ ಕೆಂಪು ಹುಂಜವೊಂದನ್ನು ಕಂಕುಳಲ್ಲಿ ಅವುಚಿಕೊಂಡು ಅಂಗಳಕ್ಕೆ ಬಂದಾಗ ಜಿಯೋನೆ ಕಡಲೆಕಾಯಿ ಸುಲಿಯುತ್ತಿದ್ದಳು. ಅವಳ ಸೋದರಮಾವ ಬಿಜೆಕಿ ಮಾವಿನ ಮರದ ಕೆಳಗೆ ಕೂತು ಗುದ್ದಲಿಗೆ ಕಾವು ಕೂರಿಸುತ್ತಿದ್ದ.

"ಎರಡು ವಾರ ನಿಮ್ಮನೆ ಮುದ್ದೆ ತಿಂದೆ. ಬರಿಗೈಲಿ ಹೊರಡೋಕೆ ಮನಸ್ಸು ಬರಲಿಲ್ಲ," ಎಂದು ಅವನು ಇಂಗ್ಲಿಷಿನಲ್ಲಿ ಹೇಳುತ್ತ ಹುಂಜವನ್ನು ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದೆ ಚಾಚಿದ.

ಜಿಯೋನೆ ಅದನ್ನು ಮಾವನಿಗೆ ತಿಳಿಸುವ ಮೊದಲೇ ಪಕ್ಕದ ಮನೆಯ ನಾಬಾಂಡಾ ಕೇಕೆ ಹಾಕಿಬಿಟ್ಟಳು. "ನೋಡ್ರೇ, ಜಿಯೋನೆಗೆ ಗಂಡು ಬಂತು! ಮಾವನ್ನ ಕಳಿಸಿ ಹೆಣ್ಣು ಕೇಳಿಸ್ಬೇಕು ಅನ್ನೋದೂ ಗೊತ್ತಿಲ್ಲ ಪಾಪ, ತಾನೇ ಹೊತ್ಕೊಂಡು ಬಂದಿದೆ!"

ಬಿಜೆಕಿ ನಗಲಿಲ್ಲ. ಹುಂಜದ ಕಾಲು ಹಿಡಿದು ತೂಗಿ ನೋಡಿದ. "ಹುಂಜ ಆಗ್ಬೋದು. ತಂದವನ ವಿಷ್ಯ ಆಮೇಲೆ."

ಫರ್ಗಸ್‌ಗೆ ಒಂದೂ ಅರ್ಥವಾಗಲಿಲ್ಲ. ಕೈಪಂಪಿನ ಹತ್ತಿರ ಜಿಯೋನೆಯೇ ಬಿಡಿಸಿ ಹೇಳಬೇಕಾಯಿತು.

"ನಮ್ಮಲ್ಲಿ ಗಂಡಿನ ಕಡೆಯವ್ರು ಹುಂಜ ತಂದ್ರೆ ಹೆಣ್ಣು ಕೇಳಿದ ಹಾಗೆ. ನಾವು ಹೇಂಟೆ ಕೊಟ್ರೆ ಒಪ್ಪಿದ ಹಾಗೆ."

"ಒಪ್ಪದಿದ್ರೆ?"

"ಹುಂಜ ವಾಪಸ್."

ಅವನ ಕಿವಿಗಳು ಕೆಂಪಾದವು. ಪಂಪಿನ ಹಿಡಿ ಒತ್ತುತ್ತಲೇ ಇದ್ದ. ಬಕೆಟ್ ತುಂಬಿ ಚೆಲ್ಲುತ್ತಿದ್ದುದು ಇಬ್ಬರಿಗೂ ಕಾಣಲಿಲ್ಲ.

"ತಿಳೀದೆ ತಂದೆ ಅಂತ ಮಾವನಿಗೆ ಹೇಳ್ಬೇಡಿ," ಎಂದ ಕೊನೆಗೆ.

"ಯಾಕೆ?"

"ತಿಳಿದಿದ್ರೂ ತರ್ತಿದ್ದೆ."

ಜಿಯೋನೆ ಬಕೆಟ್ಟನ್ನು ತಲೆಗೇರಿಸಿಕೊಂಡು ಮುಂದೆ ನಡೆದಳು. ನಗು ಬಂದಿತ್ತು. ಹಿಂದೆ ಬರುವವನಿಗೆ ಅದು ಕಾಣದು ಎಂಬುದೇ ಒಂದು ಸಮಾಧಾನ.

ಅವಳು ಊರಿನ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡುವವಳು. ಏಳು ವರ್ಷದಿಂದ ಮಿಷನ್‌ನವರ ಮಾತನ್ನು ಊರಿಗೆ ಹೇಳುವವಳೂ ಅವಳೇ. ಪ್ರತಿ ವರ್ಷ, ಅಲ್ಲಿ ಚಳಿಗಾಲವಾದ ಜುಲೈನಲ್ಲಿ, ಡೆಡ್ಜಾ ಪಟ್ಟಣದ ರಸ್ತೆಯಿಂದ ವ್ಯಾನ್ ಬರುತ್ತಿತ್ತು. ಸ್ಕಾಟ್ಲೆಂಡಿನ ಯಾವುದಾದರೊಂದು ಚರ್ಚಿನವರು ಇಳಿದು ಮೂರು ವಾರ ಶಾಲೆಯ ಗೋಡೆ, ಸೂರು ಎಂದು ದುಡಿಯುತ್ತಿದ್ದರು. ಕೊನೆಯ ಭಾನುವಾರ ಕಣ್ಣೊರೆಸಿಕೊಂಡು, ಮುಂದಿನ ವರ್ಷ ಮತ್ತೆ ಬರುತ್ತೇವೆ ಎನ್ನುತ್ತಿದ್ದರು. ಅವಳು ಅದನ್ನು ಊರಿನ ಮಾತಿನಲ್ಲಿ ಹೇಳುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಹೋದ ಮುಖ ಒಂದೂ ತಿರುಗಿ ಬಂದಿರಲಿಲ್ಲ.

ನಾಫಿರಿ ಅಜ್ಜಿಗೆ ಒಬ್ಬ ನರ್ಸ್ ಹುಡುಗಿ ಕನ್ನಡಕ ತರುತ್ತೇನೆಂದು ಹೇಳಿ ಹೋಗಿದ್ದಳು. ಅಜ್ಜಿ ನಾಲ್ಕು ಜುಲೈ, ಸೆರಗಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಸಾಯುವ ಮುಂಚೆ ಕೇಳಿದ್ದು ಒಂದೇ: "ಬರ್ತಾರೆ ಅಂತ ನೀನೇ ಹೇಳಿದ್ಯಲ್ಲ ಮಗಳೇ?"

ಮಾತು ಯಾರದ್ದೋ. ಅಜ್ಜಿಗೆ ಕೇಳಿಸಿದ್ದು ಜಿಯೋನೆಯ ಬಾಯಿಂದ.

ಶನಿವಾರ ಶಾಲೆಯ ಸೂರಿಗೆ ಕೊನೆಯ ತಗಡು ಹೊಡೆದು ಫರ್ಗಸ್ ಏಣಿಯಿಂದ ಇಳಿದ. ಉಳಿದವರೆಲ್ಲ ಟೀ ಕುಡಿಯಲು ಹೋಗಿದ್ದರು.

"ನನ್ನ ಜೊತೆ ಬಾ ಅಂದ್ರೆ?"

"ನಮ್ಮಲ್ಲಿ ಗಂಡೇ ಹೆಂಡತಿ ಊರಿಗೆ ಬರೋದು. ಹೊಲ ಅಮ್ಮಂದು, ನಾಳೆ ನಂದು. ಬಿಟ್ಟು ಎಲ್ಲಿಗೆ ಬರಲಿ?"

"ಹಾಗಾದ್ರೆ ನಾನೇ ಬರ್ತೀನಿ. ಮುಂದಿನ ಜುಲೈಗೆ. ಇಲ್ಲೇ ಇರೋಕೆ."

"ಹಾಸಿಗೆ ಹಿಡಿದ ನಿಮ್ಮಮ್ಮನ್ನ ಯಾರು ನೋಡ್ಕೊತಾರೆ? ಮೂರು ವಾರಕ್ಕೇ ನಿಮ್ಮಕ್ಕ ರಜೆ ಹಾಕ್ಬೇಕಾಯ್ತು ಅಂದ್ರಲ್ಲ."

ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿದ. "ಏನೋ ದಾರಿ ಆಗತ್ತೆ."

ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ಏಳು ವರ್ಷದಲ್ಲಿ ಬಂದವರು ಯಾರೂ ಸುಳ್ಳು ಹೇಳಿರಲಿಲ್ಲ. ಹೇಳುವಾಗ ಎಲ್ಲರೂ ನಿಜವಾಗಿಯೇ ಬರುವವರಿದ್ದರು.

ಸಂಜೆ ಬಿಜೆಕಿ ಕೇಳಿದ. "ನಾಳೆ ವ್ಯಾನ್ ಹೊರಡೋದ್ರೊಳಗೆ ಹೇಳ್ಬಿಡು ತಾಯಿ. ಹೇಂಟೆ ಕೊಡ್ಲೋ, ಹುಂಜ ತಿರುಗಿಸ್ಲೋ? ಮನುಷ್ಯನ್ನ ನಡುನೀರಲ್ಲಿ ಬಿಡ್ಬಾರ್ದು."

ಅವಳು ಬುಟ್ಟಿಯ ಕಡೆ ನೋಡಿದಳು. ಹೇಂಟೆ ಇತ್ತು, ಇನ್ನೂ ಮೊಟ್ಟೆಯಿಡದ, ಚುಕ್ಕೆಯ ಹೇಂಟೆ. ಅದನ್ನು ಅವಳು ಮೂರು ದಿನದಿಂದ ಬೇರೆ ಕಟ್ಟಿ ಕಾಳು ಹಾಕುತ್ತಿದ್ದಳು.

"ತಿರುಗಿಸಿ ಮಾವ," ಎಂದಳು.

ಭಾನುವಾರ ಚರ್ಚಿನಲ್ಲಿ ಫರ್ಗಸ್ ಎದ್ದು ನಿಂತ. ಜನರನ್ನು ನೋಡಲಿಲ್ಲ, ಪಕ್ಕದಲ್ಲಿ ನಿಂತವಳನ್ನೇ ನೋಡಿದ. "ನಿಮ್ಮ ಅನ್ನದ ಋಣ ಮರೆಯಲ್ಲ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಮುಂದಿನ ಜುಲೈಗೆ ನಾನು ಬಂದೇ ಬರ್ತೀನಿ."

ಜಿಯೋನೆ ಋಣದ ಮಾತು ಹೇಳಿದಳು. ದೇವರ ಮಾತು ಹೇಳಿದಳು. ಆಮೇಲೆ ಸುಮ್ಮನಾದಳು.

ಚಪ್ಪಾಳೆಗೆ ಕೈ ಎತ್ತಿದ್ದ ಜನ ಹಾಗೇ ಕಾದರು. ಮೂರು ವಾರದಲ್ಲಿ ಅವನೂ ನಾಲ್ಕು ಮಾತು ಕಲಿತಿದ್ದ. ಬರುತ್ತೇನೆ ಎಂಬುದನ್ನು ಅವಳೇ ಕಲಿಸಿದ್ದಳು. ಅದು ಕೇಳಿಸಲಿಲ್ಲವೆಂದು ಅವನಿಗೆ ತಿಳಿಯಿತು.

"ಒಂದು ಮಾತು ಉಳೀತು," ಎಂದು ಪಿಸುಗುಟ್ಟಿದ.

"ಅದನ್ನ ನಾನೇ ಇಟ್ಕೊಂಡೆ."

ವ್ಯಾನಿನ ಕಿಟಕಿಯಿಂದ ಬಿಜೆಕಿ ಬುಟ್ಟಿಯನ್ನು ಒಳಗೆ ಕೊಟ್ಟ. ಒಳಗಿಂದ ಹುಂಜದ ಕೆಂಪು ಜುಟ್ಟು ಇಣುಕಿತು. ಫರ್ಗಸ್ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಒಲ್ಲೆ ಅಂತ ಅಲ್ಲ," ಎಂದಳು ಜಿಯೋನೆ. "ಕಾಯೋದು ನನ್ನ ಕೈಲಿ ಆಗಲ್ಲ. ಕಾದವರನ್ನ ನೋಡಿದೀನಿ."

ವ್ಯಾನ್ ಹೊರಟಿತು.

ಹೊತ್ತು ಇಳಿಯುವಾಗ ಬಾಡಿಗೆ ಸೈಕಲ್ಲಿನವನೊಬ್ಬ ಅಂಗಳಕ್ಕೆ ಬಂದ. ಕ್ಯಾರಿಯರ್ ಮೇಲೆ ಅದೇ ಬುಟ್ಟಿ. "ಸಂತೆ ತಿರುವಲ್ಲಿ ಆ ಬಿಳಿಯಪ್ಪ ಕೊಟ್ಟ. ಜಿಯೋನೆ ಮನೆಗೆ ಅಂದ. ಬೇರೆ ಏನೂ ಹೇಳ್ಲಿಲ್ಲ, ಅಳ್ತಿದ್ದ."

ಬಿಜೆಕಿ ಸೊಸೆಯ ಮುಖ ನೋಡಿದ. "ಈಗ?"

"ಈಗ ಏನು ಮಾವ, ಬಾಯಿಲ್ಲದ ಪ್ರಾಣಿ. ಕಾಳು ಹಾಕೋದು," ಎಂದು ಅವಳು ಹುಂಜದ ಕಾಲಿನ ಹಗ್ಗ ಬಿಚ್ಚಿದಳು.

ವರ್ಷ ತಿರುಗಿತು. ಎರಡು ಕಾಗದ ಬಂದವು, ಆಮೇಲೆ ಬರಲಿಲ್ಲ. ಜುಲೈನಲ್ಲಿ ವ್ಯಾನ್ ಬಂತು. ಹುಡುಗರು, ಹುಡುಗಿಯರು, ಒಬ್ಬ ಬೋಳುತಲೆಯ ಪಾದ್ರಿ, ಎಲ್ಲರೂ ಇಳಿದರು. ಡ್ರೈವರ್ ಬಾಗಿಲು ಹಾಕಿದ.

ನೀರು ಹೊತ್ತು ಬರುತ್ತಿದ್ದ ನಾಬಾಂಡಾ ರಸ್ತೆ ಬದಿಯಲ್ಲಿ ಜಿಯೋನೆಯನ್ನು ಕಂಡು ನಿಂತಳು. "ಇಲ್ಲೇನೇ ಕೂತಿದ್ದೀಯ? ಯಾರಿಗೆ ಕಾಯ್ತಿದ್ದೀಯ?"

"ಯಾರಿಗೂ ಇಲ್ಲಕ್ಕ. ಹೊಸಬರು ಬಂದ್ರಲ್ಲ, ಮಾತಾಡಿಸ್ಬೇಕಲ್ಲ."

ಏಳುವಾಗ ಜಿಯೋನೆಯ ಸೆರಗಿನ ಗಂಟು ಸಡಿಲಿ ಹುರಿದ ಕಡಲೆಕಾಯಿ ಚೆಲ್ಲಿತು. ಆಯಲು ಬಗ್ಗಿದಾಗಲೇ ಅವಳು ನೋಡಿದ್ದು: ಇಷ್ಟು ಹೊತ್ತು ಕೂತಿದ್ದುದು ನಾಫಿರಿ ಅಜ್ಜಿಯ ಕಲ್ಲಿನ ಮೇಲೆ.