ಹುಬ್ಬಿನವರೆಗೆ ಬಂದ ಮಗು

ಕಾರ್ತೀಕ ಕಳೆದು ಮಂಜು ಬೀಳತೊಡಗಿದ ಕಾಲ, ಬೆಳಗಿನ ಏಳು ಗಂಟೆ ಇರಬಹುದು. ಹರದನಹಳ್ಳಿಯ ಬಸ್ಸು ನಿಲ್ಲುವ ಜಾಗದಲ್ಲಿ ಮುದುಕಿ ಮರಿತಾಯಮ್ಮ ತನ್ನ ಕೈಫೋನನ್ನು ಸೆರಗಿನಲ್ಲಿ ಒರೆಸಿ, ಗೋಡೆ ಬರೆಯುವ ಶಾಂತಮಲ್ಲಪ್ಪನ ಮುಂದೆ ಹಿಡಿದಳು. ಅವಳ ಮಗಳಿಗೆ ಸತ್ಯಮಂಗಲದ ಗಂಡನ ಮನೆಯಲ್ಲಿ ಎರಡನೇ ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ಅಳಿಯ ಮಗುವಿನ ಫೋಟೋವನ್ನು ಇಂಟರ್ನೆಟ್ಟಿಗೆ ಹಾಕಿದ್ದ. ಫೋನಿನಲ್ಲಿ ಐದು ಕಡ್ಡಿ ಸಿಗ್ನಲ್ಲು ತುಂಬಿ ನಿಂತಿತ್ತು. ಅದರ ಕೆಳಗೆ ಮಗುವಿನ ಕೂದಲು ಬಂದಿತ್ತು, ಹಣೆ ಬಂದಿತ್ತು, ಹುಬ್ಬಿಗೆ ಬಂದು ನಿಂತುಬಿಟ್ಟಿತ್ತು. ಮಿಕ್ಕಿದ್ದೆಲ್ಲ ಬೂದಿ ಬಣ್ಣ. ಮೂರು ದಿನದಿಂದ ಎಷ್ಟು ಸಲ ತೆಗೆದರೂ ಅಲ್ಲಿಗೇ.

“ನಿನ್ನ ಗ್ವಾಡ ಓದುಸ್ಕಂಡು ತಗಂಡ ಸಿಮ್ಮು ಕಣಪ್ಪ ಶಾಂತು. ಮಿಕ್ಕ ಮೊಕ ಯಾವಾಗ ಬತ್ತದ?” ಅಂದಳು.

ಬೈಯಲಿಲ್ಲ. ಬೈದಿದ್ದರೆ ಅವನು ನಕ್ಕು ಬಸ್ಸು ಹತ್ತಿಬಿಡುತ್ತಿದ್ದ.

ಆ ಗೋಡೆ ಅಲ್ಲೇ ಎದುರಿಗೇ ಇತ್ತು. ತಿಂಗಳ ಹಿಂದೆ ಅವನೇ ಬರೆದದ್ದು. ಅಪ್ಪ ಕಲಿಸಿದ್ದಂತೆ ಶಿವಾ ಎಂದು ಮೂಲೆಯಲ್ಲಿ ಮೂರು ಪಟ್ಟೆ ಎಳೆದು, ದಾರ ಹಿಡಿದು ಗೆರೆ ಹೊಡೆದು, ಆಳೆತ್ತರದ ನೀಲಿ ಅಕ್ಷರ ಕೂರಿಸಿದ್ದ: ‘ಮಿಂಚಿನ ವೇಗದ ನೆಟ್. 3ಜಿ ರೆಡಿ. ಈಗ ನಿಮ್ಮೂರಲ್ಲೂ.’ ಕೆಳಗೆ ತನ್ನ ಹೆಸರು ಹಾಕಲು ಹೋದಾಗ ಕಂಪನಿಯ ಏಜೆಂಟ್ ಬಸವಪ್ರಸಾದ್ ಬೇಡ ಎಂದಿದ್ದ. ಗೋಡೆಯ ಮೇಲೆ ಕಂಪನಿ ಹೆಸರೊಂದೇ ಇರಬೇಕಂತೆ. ಹಾಗಾಗಿ ಬುಡದಲ್ಲಿ ಎರಡು ಅಡಿ ಅಗಲದ ಬಿಳಿ ಪಟ್ಟಿ ಖಾಲಿ ಉಳಿದಿತ್ತು.

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಾದರೂ ಶಾಂತಮಲ್ಲಪ್ಪ ಮೂವತ್ತು ವರ್ಷದಲ್ಲಿ ಗೋಡೆಯ ಮೇಲೆ ಸುಳ್ಳು ಬರೆದವನಲ್ಲ. ಟೀ ಇದೆ ಎಂದು ಬರೆದ ಕಡೆ ಟೀ ಸಿಗುತ್ತಿತ್ತು. ಉಗುಳಬೇಡಿ ಎಂದು ಬರೆದ ಕಡೆ ಜನ ಉಗುಳುತ್ತಿದ್ದರು ನಿಜ, ಅದು ಅವನ ತಪ್ಪಲ್ಲ. ಗುಂಡ್ಲುಪೇಟೆಗೆ ಹೋಗಿ ಬಸವಪ್ರಸಾದನನ್ನು ಕೇಳಿದ. ಅವನು ಸಿಮ್ಮಿನ ಪ್ಯಾಕೆಟ್ಟಿನ ಮೇಲೂ ಇದ್ದ ‘3ಜಿ ರೆಡಿ’ ಎಂಬ ಮಾತನ್ನು ತೋರಿಸಿ, “ಸಿಮ್ಮು ರೆಡಿ ಐತೆ ಕಣಣ್ಣ. ಟವರು ಇನ್ನೂ ರೆಡಿ ಇಲ್ಲ. ನಾವೇನು ಟವರು ರೆಡಿ ಅಂತ ಬರ್ಸಿದ್ವಾ?” ಎಂದು ಟೀ ಕುಡಿಸಿ ಕಳಿಸಿದ.

ವಾಪಸು ಬರುವ ಬಸ್ಸಿನಲ್ಲೇ ಶಾಂತಮಲ್ಲಪ್ಪ ಅಪರಾಧಿಯಾದ. ಆ ಖಾಲಿ ಪಟ್ಟಿಯ ಮೇಲೆ ನಿಜ ಬರೆಯಬೇಕು, ಬರೆದವನು ಯಾರೆಂದು ಯಾರಿಗೂ ಗೊತ್ತಾಗಬಾರದು. ಗುಂಡ್ಲುಪೇಟೆ ಕಡೆಯ ಇಪ್ಪತ್ತು ಗೋಡೆಗಳ ಕೆಲಸ ಅವನಿಗೇ ಎಂದು ಮಾತಾಗಿತ್ತು. ಸಿಕ್ಕಿಬಿದ್ದರೆ ಆ ಕೆಲಸ ಹೋಯಿತು, ಸ್ಟೇಷನ್ನಿನ ಮೆಟ್ಟಿಲು ಬೇರೆ.

ಹತ್ತು ದಿನ ಯೋಚನೆ ಮಾಡಿದ. ಏನು ಬರೆಯುವುದು ಎಂಬುದಕ್ಕೇ ಆರು ದಿನ ಹಿಡಿಯಿತು. ಮಗುವಿನ ಹಣೆಯ ಮಾತು ಎತ್ತಿದರೆ ಮರಿತಾಯಮ್ಮನ ಮೇಲೆ ಬರುತ್ತದೆ. ಬೈಗುಳ ಬರೆದರೆ ಗೋಡೆಗೆ ಮರ್ಯಾದೆಯಲ್ಲ. ಕೊನೆಗೆ ಎಲೆಅಡಿಕೆ ಹಾಕಿಕೊಳ್ಳುವಾಗ ತಾನಾಗಿಯೇ ಹೊಳೆಯಿತು: ‘ಕಾಗದ ಬರೆಯಿರಿ. ಬೇಗ ತಲುಪುತ್ತದೆ.’ ಒಬ್ಬನೇ ಕೂತು ಅಷ್ಟು ಹೊತ್ತು ನಕ್ಕಿದ್ದಕ್ಕೆ ಹೆಂಡತಿ ಶಾಂತಮಲ್ಲಮ್ಮ ಒಳಗಿನಿಂದ ಬಂದು ಅವನ ಹಣೆ ಮುಟ್ಟಿ ನೋಡಿದಳು.

ಮಿಕ್ಕಿದ್ದೆಲ್ಲ ಕಸುಬಿನ ಮಾತು. ತನ್ನ ಎನಾಮಲ್ ಬಣ್ಣ ಬೇಡ, ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಸಾಕು. ಅದು ಊರಿನ ಮನೆಮನೆಯಲ್ಲೂ ಅರ್ಧ ಡಬ್ಬ ಇರುತ್ತದೆ. ತನ್ನ ಬ್ರಷ್ಷೂ ಬೇಡ. ಚಾಮರಾಜನಗರದಲ್ಲಿ ಗುರುತಿಲ್ಲದ ಅಂಗಡಿಯಿಂದ ಹೊಸದು ತಂದ. ದಾರ ಹಿಡಿಯಬಾರದು, ಅಕ್ಷರ ಸಾಲು ತಪ್ಪಬೇಕು. ಬಲಗೈಗೆ ಸೊಟ್ಟ ಬರೆಯಲು ಬಾರದು, ಆದ್ದರಿಂದ ಎಡಗೈ. ಹಿತ್ತಲಲ್ಲಿ ನೆಲದ ಮೇಲೆ ನೀರಿನಲ್ಲಿ ಅಭ್ಯಾಸ ಮಾಡಿದ. ‘ಗ’ ಚೆನ್ನಾಗಿ ಬಂದುಬಿಟ್ಟಿತು ಎಂದು ಎರಡು ಸಲ ಅಳಿಸಿದ.

ಅವನು ಹೆಚ್ಚು ಹೆಮ್ಮೆಪಟ್ಟದ್ದು ಸಾಕ್ಷಿಯ ವಿಷಯದಲ್ಲಿ. ಬಸವಪ್ರಸಾದನ ಅಂಗಡಿಯ ಎದುರಿಗೆ ಕೇರಳದ ಕಾಕಾನ ಹೋಟೆಲು. ಅದರ ಬೋರ್ಡು ಬರೆಯುವ ಕೆಲಸವನ್ನು ಶನಿವಾರಕ್ಕೇ ಇಟ್ಟುಕೊಂಡ. ಬೆಳಗಿನ ಮಂಜಿನಲ್ಲಿ ಗೋಡೆ ಮುಗಿಸಿ ಮೊದಲ ಬಸ್ಸು ಹಿಡಿದರೆ, ಏಜೆಂಟ್ ಬಾಗಿಲು ತೆಗೆಯುವ ಹೊತ್ತಿಗೆ ತಾನು ಎದುರಿಗೆ ಏಣಿಯ ಮೇಲಿರುತ್ತೇನೆ. ಶಾಂತಮಲ್ಲಪ್ಪ ಎಲ್ಲಿದ್ದ ಎಂದು ಯಾರಾದರೂ ಕೇಳಿದರೆ ಬಸವಪ್ರಸಾದನೇ ಹೇಳುತ್ತಾನೆ, ದಿನವಿಡೀ ನನ್ನ ಕಣ್ಣಮುಂದೆಯೇ ಇದ್ದ ಎಂದು.

ಶನಿವಾರ ಐದೂವರೆಗೆ ಮಂಜು ಎಷ್ಟಿತ್ತೆಂದರೆ ತನ್ನ ಕೈಯೇ ಬೇರೆಯವರದ್ದು ಅನ್ನಿಸುತ್ತಿತ್ತು. ಡಬ್ಬ ತೆರೆದ. ಎಡಗೈಗೆ ಬ್ರಷ್ಷು ತೆಗೆದುಕೊಂಡು, ಬಣ್ಣಕ್ಕೆ ಅದ್ದಿ, ಶಿವಾ ಎಂದು ಶುರುಮಾಡಿದ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅಕ್ಷರಗಳು ಸಂತೆಯಿಂದ ಬರುವ ಕುಡುಕರ ಹಾಗೆ ಒಂದರ ಮೇಲೊಂದು ವಾಲಿಕೊಂಡಿದ್ದವು. ಅವನಿಗೆ ನೋವಾಯಿತು, ಖುಷಿಯೂ ಆಯಿತು. ಉಳಿದ ಬಣ್ಣವನ್ನು ಚರಂಡಿಗೆ ಸುರಿದ. ಬ್ರಷ್ಷು ಎಂಟು ಗಂಟೆಗೆಲ್ಲ ಕಾಕಾನ ಸೌದೆ ಒಲೆಯಲ್ಲಿ ಬೂದಿಯಾಯಿತು.

ಒಂಬತ್ತಕ್ಕೆ ಬಸವಪ್ರಸಾದನ ಫೋನು ರಿಂಗಾಯಿತು. ನಿಮ್ಮ ಗೋಡೆಯ ಮೇಲೆ ಯಾರೋ ಏನೋ ಗೀಚಿದ್ದಾರೆ, ಫೋಟೋ ಕಳಿಸಿದ್ದೀನಿ ನೋಡಿ ಎಂದು ಹರದನಹಳ್ಳಿಯ ಅಂಗಡಿಯವನು ಹೇಳಿದ. ಫೋಟೋ ಬರಲಿಲ್ಲ. ಫೋನಿನಲ್ಲಿ ಒಂದು ಚಕ್ರ ತಿರುಗುತ್ತಲೇ ಇತ್ತು. ಬಸವಪ್ರಸಾದ್ ಬೀದಿಗೆ ಬಂದ, ಬೆಂಚು ಹತ್ತಿದ, ಕೊನೆಗೆ ಫೋನನ್ನು ಏಣಿಯ ಮೇಲಿದ್ದ ಶಾಂತಮಲ್ಲಪ್ಪನ ಕೈಗೇ ಕೊಟ್ಟು ಸ್ವಲ್ಪ ಎತ್ತಿ ಹಿಡಿಯಣ್ಣ ಎಂದ. ತನ್ನ ಅಪರಾಧದ ಫೋಟೋ ಬರಲೆಂದು ಶಾಂತಮಲ್ಲಪ್ಪ ಅರ್ಧ ಗಂಟೆ ಕೈ ಎತ್ತಿ ನಿಂತ. ಆ ನಿಧಾನದ ನೆಟ್ಟಿನ ಮೇಲೆ ಅವನಿಗೆ ಮೊದಲ ಸಲ ಪ್ರೀತಿ ಬಂತು. ಸಂಜೆಯಾದರೂ ಚಕ್ರ ತಿರುಗುತ್ತಿತ್ತು. ನಾಳೆ ನಾನೇ ಹೋಗಿ ನೋಡ್ತೀನಿ, ನೀನೂ ಅಲ್ಲೇ ಇರು ಎಂದು ಬಸವಪ್ರಸಾದ್ ಬಾಗಿಲು ಹಾಕಿದ.

ಭಾನುವಾರ ಜೀಪು ಬರುವ ಹೊತ್ತಿಗೆ ಗೋಡೆಯ ಮುಂದೆ ಅರ್ಧ ಊರು ನೆರೆದಿತ್ತು. ಓದಲು ಬಾರದವರು ಬಂದವರಿಂದೆಲ್ಲ ಓದಿಸಿಕೊಂಡು ಮತ್ತೆ ಮತ್ತೆ ನಗುತ್ತಿದ್ದರು. ಮರಿತಾಯಮ್ಮನ ತೋಳಲ್ಲಿ ಒಂದು ಮಗು ಇತ್ತು. ಹಿಂದಿನ ಸಂಜೆಯೇ ಮಗಳು ಬಸ್ಸಿನಲ್ಲಿ ಬಂದು ಇಳಿದಿದ್ದಳು. “ಮಗುನೇ ಬಂದ್ಬುಡ್ತು ಕಣಪ್ಪ. ಪೋಟ ಇನ್ನೂವ ಹುಬ್ಬಲ್ಲೇ ಅದ,” ಎಂದು ಅವಳು ಏಜೆಂಟನಿಗೆ ಮುಖವನ್ನು ಪೂರಾ ತೋರಿಸಿದಳು. ಒಳ್ಳೆಯ ಮೂಗಿನ ಮಗು.

ಬಸವಪ್ರಸಾದ್ ಸೊಟ್ಟ ಸಾಲನ್ನು ಎರಡು ಸಲ ಓದಿದ. ಬೇರೆ ಕಂಪನಿಯವರ ಕೆಲಸ ಎಂದ. ಆಮೇಲೆ ಶಾಂತಮಲ್ಲಪ್ಪನ ಕಡೆ ತಿರುಗಿ, “ನಿನ್ನ ಕೈ ಅಲ್ಲ ಬುಡಣ್ಣ. ಇಷ್ಟು ಕೆಟ್ಟದಾಗಿ ಬರಿಯಕ್ಕೆ ನಿನ್ನ ಕೈಲಿ ಆಯ್ತದಾ?” ಎಂದ. ಹತ್ತು ದಿನದ ಶ್ರಮಕ್ಕೆ ಸಿಕ್ಕ ಸರ್ಟಿಫಿಕೇಟು ಅದು. ಇಪ್ಪತ್ತು ಗೋಡೆಗಳ ಕೆಲಸ ನಾಳೆಯಿಂದಲೇ ಶುರು ಎಂದೂ, ಅದಕ್ಕೆ ಮುಂಚೆ ಈ ಗೀಚಿದ್ದರ ಮೇಲೆ ಈಗಲೇ ಬಿಳಿ ಹೊಡೆದುಬಿಡೆಂದೂ ಬಸವಪ್ರಸಾದ್ ಹೇಳಿ, ಜೀಪಿನಿಂದ ಡಬ್ಬ ಇಳಿಸಿಕೊಟ್ಟ.

ಶಾಂತಮಲ್ಲಪ್ಪ ಹಗುರಾಗಿ ಗೋಡೆಯ ಬುಡಕ್ಕೆ ಕೂತ. ಈಗ ಮುಚ್ಚುಮರೆ ಇಲ್ಲ, ತನ್ನದೇ ಬ್ರಷ್ಷು, ತನ್ನದೇ ಬಲಗೈ. ಬಿಳಿಗೆ ಅದ್ದಿ, ಶಿವಾ ಎಂದು, ನೀಲಿ ಅಕ್ಷರದ ಕೆಳಗೆ ಮೂರು ಪಟ್ಟೆ ಎಳೆದ. “ಅವರಪ್ಪನೂ ಇಂಗೇಯ,” ಎಂದು ಮರಿತಾಯಮ್ಮ ಮೊಮ್ಮಗುವಿಗೆ ತೋರಿಸಿದಳು, “ಗ್ವಾಡ್ಗ ಇಬೂತಿ ಹಚ್ಚಿಯೇ ಕೆಲ್ಸ ಸುರು ಮಾಡಾಂವ.” ದೂಳು ಕೂತ ಹಳೆಯ ಬಿಳಿಯ ಮೇಲೆ ಹಸಿಯಾಗಿ ಹೊಳೆಯುತ್ತಿದ್ದ ಬಿಳಿ ಪಟ್ಟೆಗಳನ್ನು ಬಸವಪ್ರಸಾದ್ ನೋಡಿದ. ತಲೆ ಎತ್ತಿ ಮೇಲಿನ ಮೂಲೆಯಲ್ಲಿ ತಿಂಗಳ ಹಿಂದಿನ ನೀಲಿ ಪಟ್ಟೆಗಳನ್ನು ನೋಡಿದ. ಆಮೇಲೆ ಬಗ್ಗಿ ನೋಡಿದ: ಕುಡುಕರಂತೆ ವಾಲಿದ ಆ ಸಾಲಿನ ಮೊದಲಿಗೆ, ಬಿಳಿಯ ಪಕ್ಕದಲ್ಲೇ, ಇನ್ನೂ ಮೂರು ಕೆಂಪು ಪಟ್ಟೆ ಇದ್ದವು, ಎಡಗೈಯಲ್ಲೂ ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಅವನು ಕಂಪ್ಲೇಂಟು ಕೊಡಲಿಲ್ಲ, ನಗು ತಡೆಯಲಾರದೆ ಜೀಪಿಗೆ ಒರಗಿ ನಿಂತುಕೊಂಡ. ಸೋಮವಾರ ಬೆಳಿಗ್ಗೆ ಅದೇ ಜೀಪಿನ ಹಿಂದುಗಡೆ ಬಣ್ಣದ ಡಬ್ಬಗಳ ನಡುವೆ ಕೂತು ಶಾಂತಮಲ್ಲಪ್ಪ ಗುಂಡ್ಲುಪೇಟೆಗೆ ಹೊರಟ. ಮೂರು ಕೆಂಪು ಪಟ್ಟೆಗೆ ಏಜೆಂಟ್ ಹಾಕಿದ ದಂಡ: ಗೋಡೆ ಇಪ್ಪತ್ತು, ಕೂಲಿ ಇಲ್ಲ.