ನಿಲ್ಲಿಸುವ ಎರಡು ಏಟು

ನಮ್ಮ ಯೂನಿವರ್ಸಿಟಿಯ ಎನ್‌ಸಿಸಿ ಬ್ಯಾಂಡ್ ಮೂವತ್ತು ವರ್ಷ ಪರೇಡುಗಳ ಮುಂದೆ ನಡೆದು ಕೊನೆಗೆ ಮುಚ್ಚಿಹೋಯಿತು. ಅದರ ಏಳು ಮಂದಿ ಹಳೆಯ ಕೆಡೆಟ್‌ಗಳು, ಈಗ ಬಹರೈನಿನಲ್ಲಿ ದುಡಿಯುವ ಹೊಟ್ಟೆ ಬಂದವರು, ಇಲ್ಲಿನ ಕನ್ನಡಿಗರ ಕ್ರೀಡಾಕೂಟಕ್ಕೆ ಬಾರಿಸಲು ಒಪ್ಪಿಕೊಂಡೆವು. ಮೀನಾ ಸಲ್ಮಾನ್ ಬಂದರಿನ ಗೋದಾಮೊಂದರಲ್ಲಿ ಅಭ್ಯಾಸ. ನನ್ನದು ಕ್ಲಾರಿನೆಟ್. ದೊಡ್ಡ ಡ್ರಮ್ಮು ಇನ್ನೂ ಕಾರ್ಗೋದಲ್ಲಿತ್ತು. ಡ್ರಮ್ಮಿನ ಎರಡು ಏಟು ಬೀಳುವವರೆಗೆ ಬ್ಯಾಂಡ್ ನಿಲ್ಲುವಂತಿಲ್ಲ.

"ಡ್ರಮ್ಮಿಲ್ಲದೆ ನಿಲ್ಲುವುದು ಹೇಗೆ ಮಾರಾಯ್ರೆ?" ಅಂದ ಡ್ರಮ್ಮಿನ ನಿಝಾಮ್.

"ಗೋಡೆ ಬಂದಾಗ ನಿಲ್ಲು," ಅಂದರು ನಮ್ಮ ಸೀನಿಯರ್ ಹುಸೈನಬ್ಬ. "ಹೆಂಡತಿ ಮಕ್ಕಳ ಎದುರು ಮಾನ ಹೋದರೆ ಮತ್ತೆ ಮುಖ ಎತ್ತಲಿಕ್ಕಿಲ್ಲ."

ಮಧ್ಯಾಹ್ನದ ಬೆಳಕಿನಲ್ಲಿ ಧೂಳು ನಿಧಾನ ತೇಲುತ್ತಿತ್ತು. ಊದುತ್ತ ನಡೆದೆವು; ನಿಝಾಮ್ ಬರಿಗೈಯಲ್ಲಿ ಜೊತೆಗೆ ಬಂದ. ಅಂಥ ಸೆಕೆಯಲ್ಲೂ ಕ್ಲಾರಿನೆಟ್ ತುಟಿಗೆ ತಣ್ಣಗಿತ್ತು. ಗೋಡೆಗೆ ಹತ್ತು ಹೆಜ್ಜೆ ಇರುವಾಗ ಎದೆಯೊಳಗೆ ಎರಡು ಏಟು ಬಿದ್ದವು. ಏಳೂ ಮಂದಿ ಒಟ್ಟಿಗೆ ನಿಂತೆವು. ನಿಝಾಮ್ ತನ್ನ ಬರಿಗೈಗಳನ್ನು ನೋಡಿಕೊಂಡ. ಹುಸೈನಬ್ಬ, "ಚಾ ಕುಡಿಯುವ," ಅಂದರು.

ಕ್ರೀಡಾಕೂಟದ ದಿನ ಡ್ರಮ್ಮು ಬಂತು. ಕೊನೆಯಲ್ಲಿ ನಿಝಾಮ್ ಸರಿಯಾಗಿಯೇ ಎರಡು ಏಟು ಹಾಕಿದ. ಯಾರೂ ನಿಲ್ಲಲಿಲ್ಲ, ಅವನೂ ನಿಲ್ಲಲಿಲ್ಲ. ಇನ್ನೂ ಹತ್ತು ಹೆಜ್ಜೆ ನಡೆದು, ಮತ್ತೆರಡು ಏಟು ಕೇಳಿ, ಎಲ್ಲರೂ ಒಟ್ಟಿಗೆ ನಿಂತೆವು. ಮಾನ ಉಳಿಯಿತು, ಚಪ್ಪಾಳೆಯೂ ಬಿತ್ತು. ನಿಝಾಮನ ಕೋಲು ಆಗಲೇ ಅವನ ಕಂಕುಳಲ್ಲಿತ್ತು.